ಎರಡನೇ ಸಲ ಕೇಳದ ಬಾಕ್ಸು

ಮೊನ್ನೆ ಮೈಸೂರಿಗೆ ಹೋಗಾಕೆ ಫೋನಿನಾಗೇ ಬಸ್ ಟಿಕೆಟ್ ಮಾಡ್ತಾ ಕೂತಿದ್ದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಇನ್ನೇನು ಮುಗೀತು ಅನ್ನೋಷ್ಟರಾಗೆ ಒಂದು ಬಾಕ್ಸು ದಡಕ್ಕನೆ ಎದ್ದು ಬಂತು. ಪ್ರಯಾಣಕ್ಕೆ ವಿಮೆ ಬೇಕಾ ಅಂತ. ಬೇಡ ಅಂದೆ. ಅದರ ಹಿಂದೇನೇ ಇನ್ನೊಂದು, ನಮ್ಮ ಆ್ಯಪ್ ಹಾಕ್ಕಳ್ರಿ ಅಂತ. ಅದನ್ನೂ ಮುಚ್ಚಿದೆ. ಆಮೇಲೊಂದು, ಮೈಸೂರಿನಾಗೆ ಲಾಡ್ಜು ಬೇಕಾ ಅಂತ. ಅದನ್ನ ಮುಚ್ಚೋ ಗುರುತು ಎಳ್ಳುಕಾಳಿನಷ್ಟು. ಅದನ್ನ ಹುಡುಕಿ ಒತ್ತೋ ಹೊತ್ತಿಗೆ ನನ್ನ ಕಿಟಕಿ ಸೀಟು ಯಾರೋ ಪುಣ್ಯಾತ್ಮರ ಪಾಲಾಗಿತ್ತು. "ಇದರ ಮನೆ ಹಾಳಾಗ!" ಅಂತ ಜೋರಾಗೇ ಬೈದೆ. ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತಿ, "ನೀ ಬೈದ್ರೆ ಬಾಕ್ಸಿಗೆ ಕೇಳಿಸ್ತೈತೇನೇ ಹಾಲಮ್ಮ?" ಅಂದ್ರು. ಕೇಳಿಸದಿದ್ರೆ ಬಿಡ್ಲಿ. ನನ್ನ ಹೊಟ್ಟೆಯಾದ್ರೂ ತಣ್ಣಗಾಗ್ತೈತೆ.

ಬೇರೆಯವರಿಗೆ ಬಾಕ್ಸು ಅಂದ್ರೆ ಒಂದು ಕಿರಿಕಿರಿ. ನಂಗೆ ಹಂಗಲ್ಲ. ನಂಗೆ ಬಾಕ್ಸು ಅಂದ್ರೆ ಜಗಳೂರು, ಬಾಕ್ಸು ಅಂದ್ರೆ ರೇಣುಕನ ಮುಖ. ಆ ಒಂದು ವರ್ಷ ನಾನು ಉರಿದಷ್ಟು ನಮ್ಮ ಮನೆ ಒಲೆನೂ ಉರಿದಿಲ್ಲ.

ನಾನು ಹೊಲಿಗೆ ಕಲಿಸೋ ಟೀಚರು. ನಮ್ಮದೊಂದು ಸಣ್ಣ ಟ್ರಸ್ಟು, ಹೆಸರು ಬೇಡ ಬಿಡ್ರಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ನಾಲ್ಕು ಕಡೆ ಹೆಣ್ಮಕ್ಕಳಿಗೆ ಹೊಲಿಗೆ ತರಬೇತಿ ಕೇಂದ್ರ ನಡೆಸ್ತೈತೆ. ನಾನು ನ್ಯಾಮತಿ ಕೇಂದ್ರ ಶುರುವಾದಾಗಿಂದ ಅಲ್ಲೇ ಇದ್ದೆ. ನಮ್ಮ ಮನೆ ಇರೋದೂ ನ್ಯಾಮತಿನಾಗೇ. ನಮ್ಮ ಮನೆಯವರದು ಪಂಪ್‌ಸೆಟ್ ರಿಪೇರಿ ಅಂಗಡಿ, ಅದರ ಹಿಂದಿನ ಬೀದಿನಾಗೆ ನನ್ನ ಕೇಂದ್ರ. ಒಲೆ ಮೇಲೆ ಸಾರು ಇಟ್ಟು ಹೋಗಿ ಕ್ಲಾಸಿನಾಗೆ ಒಂದು ತೋಳು ಕತ್ತರಿಸಿ ಕೊಟ್ಟು ಬಂದ್ರೆ ಸಾರು ಕುದಿಯಾಕೆ ಸರಿಹೋಗೋದು. ಅಷ್ಟು ಹತ್ರ.

ಹತ್ರ ಇದ್ದದ್ದೊಂದೇ ಅಲ್ಲ. ಆ ಹೆಣ್ಮಕ್ಕಳನ್ನ ನಾನು ಸೂಜಿಗೆ ದಾರ ಪೋಣಿಸೋದರಿಂದ ಎತ್ತಿ ನಿಲ್ಸಿದ್ದೆ. ಮೊದಮೊದಲು ಪೆಡಲ್ ತುಳಿದ್ರೆ ಮಿಷನ್ನು ಹಿಂದಕ್ಕೆ ಓಡೋದು, ಅವರು ಕಿರುಚಿಕೊಂಡು ಎದ್ದು ನಿಲ್ಲೋರು. ಅಂಥವರು ಕಟೋರಿ ಬ್ಲೌಸು ಹೊಲಿಯೋ ಮಟ್ಟಕ್ಕೆ ಬಂದಿದ್ರು. ಎಲ್ಲ ಸೇರಿ ಪೇಟೆ ಬೀದಿನಾಗೆ ತಮ್ಮದೇ ಒಂದು ಹೊಲಿಗೆ ಅಂಗಡಿ ತೆಗೀಬೇಕು ಅಂತ ಮಾತಾಗಿತ್ತು. ಆ ಮಾತು ಎತ್ತಿದ್ದೇ ನಾನು. ಇನ್ನೊಂದು ವರ್ಷ ನಂಗೆ ನ್ಯಾಮತಿ ಸಿಕ್ಕಿದ್ರೆ ಅಂಗಡಿ ಬಾಗಿಲು ತೆಗೆಸಿಯೇ ತೀರ್ತಿದ್ದೆ. ನಂಗೆ ಬೇಕಾಗಿದ್ದು ಅದೊಂದೇ.

ರೇಣುಕ ಚನ್ನಗಿರಿ ಕೇಂದ್ರದಾಗೆ ಸಹಾಯಕಿ ಆಗಿದ್ಲು. ಉಬ್ರಾಣಿ ಕಡೆಯ ಹುಡುಗಿ, ಹೊನ್ನಾಳಿಗೆ ಕೊಟ್ಟಿದ್ರು. ನಂಗಿಂತ ಎಂಟತ್ತು ವರ್ಷ ಚಿಕ್ಕವಳು, ಹಾಲಕ್ಕ ಹಾಲಕ್ಕ ಅಂತ ಹಿಂದೆ ಮುಂದೆ ಸುತ್ತೋಳು. ಕಾಲರ್ ಕೂರಿಸೋದನ್ನ ನಾನೇ ಹೇಳಿಕೊಟ್ಟಿದ್ದೆ. ಆ ವರ್ಷ ಅವಳಿಗೂ ಟೀಚರ್ ಅಂತ ಬಡ್ತಿ ಆತು. ಚನ್ನಗಿರಿ, ಹೊನ್ನಾಳಿ ಎರಡಕ್ಕೂ ಹಳೇ ಟೀಚರುಗಳು ಕೂತುಬಿಟ್ಟಿದ್ರು. ಉಳಿದಿದ್ದು ನಂದು ನ್ಯಾಮತಿ, ಖಾಲಿ ಇದ್ದದ್ದು ಜಗಳೂರು. ಹೊಸಬಳು ಜಗಳೂರಿಗೆ ಹೋಗಬೇಕು, ಅದೇ ನ್ಯಾಯ. ಅವಳೂ ಹಂಗೇ ಅಂದ್ಕೊಂಡು ಅಲ್ಲಿ ಬಾಡಿಗೆ ರೂಮು ವಿಚಾರಿಸಿಟ್ಟಿದ್ಲು.

ಆದ್ರೆ ಆ ವರ್ಷ ಟ್ರಸ್ಟಿನೋರಿಗೆ ಹೊಸ ಹುಚ್ಚು. ಎಲ್ಲ ವೆಬ್‌ಸೈಟಿನಾಗೇ ಆಗಬೇಕಂತೆ. ಎಲ್ಲಿ ಕೆಲಸ ಮಾಡ್ತೀರಿ ಅನ್ನೋದನ್ನೂ ಅದರಾಗೇ ಆರಿಸಿಕೊಬೇಕಂತೆ. ನಾವಿಬ್ಬರೂ ಹೊನ್ನಾಳಿನಾಗೆ ಒಂದು ಕಂಪ್ಯೂಟರ್ ಅಂಗಡಿಗೆ ಹೋಗಿ ಅಕ್ಕಪಕ್ಕದ ಎರಡು ಕಂಪ್ಯೂಟರ್ ಮುಂದೆ ಕೂತ್ವಿ. ಮುಂಗಾರು ಇನ್ನೂ ಹಿಡಿದಿರಲಿಲ್ಲ, ಸೆಕೆ ಅಂದ್ರೆ ಸೆಕೆ. ಹೆಸರು ಹಾಕೋಕ್ ಮುಂಚೆ ಒಂದು ಬಾಕ್ಸು ಬಂತು, ಕುಕ್ಕಿ ಒಪ್ಕೊಳ್ರಿ ಅಂತ. ಒಪ್ಕೊಂಡ್ವಿ. ಸೂಚನೆ ಕಳಿಸಬಹುದಾ ಅಂತ ಇನ್ನೊಂದು. ಹೂಂ ಕಳಿಸು ಮಾರಾಯ. ಕನ್ನಡ ಬೇಕಾ ಇಂಗ್ಲಿಷ್ ಬೇಕಾ. ಕನ್ನಡ ಅಂದ್ರೆ, ಖಚಿತವೇ ಅಂತ ಮತ್ತೊಂದು! ಕನ್ನಡ ಬೇಕು ಅನ್ನೋದಕ್ಕೆ ಖಚಿತ ಬೇರೆ ಮಾಡಬೇಕೇನ್ರೀ? ನಮ್ಮ ವೆಬ್‌ಸೈಟಿಗೆ ಎಷ್ಟು ನಕ್ಷತ್ರ ಕೊಡ್ತೀರಿ ಅಂತ ಬೇರೆ ಕೇಳ್ತು. ಇನ್ನೂ ಒಳಗೇ ಬಿಟ್ಟಿಲ್ಲ, ಬಾಗಿಲಾಗೇ ನಿಲ್ಸಿ ಊಟ ಹೆಂಗಿತ್ತು ಅಂದಂಗೆ.

ಅಂತೂ ನನ್ನ ಹೆಸರಿನ ಮುಂದೆ ನ್ಯಾಮತಿ ಅಂತ ಆರಿಸಿದೆ. ಆಗ ಬಂತು ನೋಡ್ರಿ ಆ ಬಾಕ್ಸು. "ಅಗತ್ಯವಿದ್ದಲ್ಲಿ ಈ ಕೇಂದ್ರವನ್ನು ಬೇರೆಯವರಿಗೆ ಬಿಟ್ಟುಕೊಡಲು ತಮ್ಮ ಒಪ್ಪಿಗೆ ಇದೆಯೇ?" ಕೆಳಗೆ ಹೌದು, ಇಲ್ಲ ಅಂತ ಎರಡೇ ಗುಂಡಿ.

ರೇಣುಕ ನನ್ನ ಪಕ್ಕದಾಗೇ ಇದ್ಲು. ಕತ್ತು ಚಾಚಿ ನನ್ನ ಸ್ಕ್ರೀನನ್ನೇ ನೋಡ್ತಿದ್ಲು. "ಏನಕ್ಕ ಹಿಂಗೆ ಕೇಳ್ತೈತೆ?" ಅಂದ್ಲು.

ಈಗ ನೀವೇ ಹೇಳ್ರಿ. ಎದುರಿಗೆ ಮನುಷ್ಯರು ಕೂತಿರ್ವಾಗ "ಇಲ್ಲ, ಬಿಟ್ಟುಕೊಡಲ್ಲ" ಅಂತ ಮುಖಕ್ಕೆ ಹೊಡೆದಂಗೆ ಹೆಂಗೆ ಒತ್ತೋದು? ನಾನು ಕೆರೆಬಿಳಚಿ ಮನೆತನದೋಳು. ನಮ್ಮಪ್ಪಂದು ಅಡಿಕೆ ವ್ಯಾಪಾರ, ಮನೆ ತುಂಬ ಹೋಗೋರು ಬರೋರು. ನಮ್ಮ ಕಡೆ ಒಂದು ಪದ್ಧತಿ ಐತೆ. ಬಡಿಸಾಕೆ ಬಂದ್ರೆ ಎಲೆ ಮೇಲೆ ಕೈ ಅಡ್ಡ ಹಿಡಿದು ಸಾಕು ಸಾಕು ಅನ್ನಬೇಕು. ಬಡಿಸೋರು ಆ ಕೈ ಸರಿಸಿ ಇನ್ನೊಂದು ಹೋಳಿಗೆ ಹಾಕಬೇಕು. ಸೀರೆ ಕೊಟ್ರೆ ಅಯ್ಯೋ ನಂಗ್ಯಾಕೆ ಅನ್ನಬೇಕು. ಕೊಡೋರು ಬಲವಂತ ಮಾಡಿ ಮಡಿಲಿಗೆ ಹಾಕಬೇಕು. ಒಂದೇ ಮಾತಿಗೆ ಕೈ ಚಾಚಿದ್ರೆ, "ಏನು ಕಂಡಿಲ್ಲದೋಳಂಗೆ ಆಡ್ತೀಯೇ" ಅಂತ ನಮ್ಮವ್ವ ತೊಡೆ ಚಿವುಟೋಳು. ಅವಳು ಚಿವುಟಿದ ಜಾಗ ಈಗಲೂ ನಂಗೆ ನೆನಪೈತೆ.

ಹಂಗಾಗಿ, "ಅಯ್ಯೋ, ಅದಕ್ಕೇನಂತೆ, ನೀ ಬೇಕಾದ್ರೆ ತಗಳೇ, ನಂಗೆ ಎಲ್ಲಾದ್ರೂ ನಡೀತೈತೆ" ಅಂತ ನಗುನಗ್ತಾ ಹೌದು ಒತ್ತಿದೆ. ನನ್ನ ಲೆಕ್ಕ ಏನಂದ್ರೆ, ರೇಣುಕ ಛೇ ಬೇಡಕ್ಕ ಅಂತಾಳೆ. ಇಲ್ಲಾಂದ್ರೆ ಆ ಹಾಳು ವೆಬ್‌ಸೈಟಾದ್ರೂ ಖಚಿತವೇ ಅಂತ ಕೇಳ್ತೈತೆ, ಆಗ ಮೆಲ್ಲಗೆ ಇಲ್ಲ ಒತ್ತೋಣ ಅಂತ.

ಅದು ಕೇಳಲೇ ಇಲ್ಲ! ಕನ್ನಡ ಬೇಕು ಅನ್ನೋದಕ್ಕೆ ಎರಡೆರಡು ಸಲ ಕೇಳಿದ ವೆಬ್‌ಸೈಟು, ನನ್ನ ಹೊಟ್ಟೆಪಾಡಿನ ಮಾತಿಗೆ ಒಂದೇ ಸಲ ಕೇಳಿ "ಧನ್ಯವಾದಗಳು" ಅಂತ ಮುಚ್ಕೊಂಡು ಹೋತು. ಆ ಕಡೆ ರೇಣುಕನ ಸ್ಕ್ರೀನಿನಾಗೆ ನ್ಯಾಮತಿ ಹೆಸರು ಹಸಿರಾತು. ಅವಳು ನನ್ನ ಮುಖ ನೋಡಿದ್ಲು. "ನಿಜವಾಗ್ಲೂ ಕೊಡ್ತೀಯೇನಕ್ಕ?" ಅಂತ ಕೇಳ್ತಾಳೆ ಅಂತ ಕಾದೆ. ಕೇಳ್ಲಿಲ್ಲ. "ನಿನ್ನ ಉಪಕಾರ ಮರೆಯಲ್ಲ ಹಾಲಕ್ಕ" ಅಂದವಳೇ ಒತ್ತಿಬಿಟ್ಲು. ಒಂದೇ ಮಾತಿಗೆ! ಮಾತು ಆಡಿದ್ರೆ ಹೋತು, ಮುತ್ತು ಒಡೆದ್ರೆ ಹೋತು ಅಂತಾರಲ್ಲ, ನಾನು ಮಾತೂ ಆಡಿದ್ದೆ, ಗುಂಡಿನೂ ಒತ್ತಿದ್ದೆ.

ಟ್ರಸ್ಟಿನ ಆಫೀಸಿಗೆ ಫೋನ್ ಮಾಡಿದ್ರೆ, "ನೀವೇ ಒಪ್ಪಿಗೆ ಕೊಟ್ಟೀರಲ್ಲಾ ಮೇಡಂ" ಅಂದ್ರು. ಉಪಚಾರಕ್ಕೆ ಅಂದಿದ್ದು ಸಾರ್ ಅಂತ ಹೇಳಾಕೆ ಆಗ್ತೈತಾ? ನಮ್ಮ ಮನೆಯವರಿಗೆ ಹೇಳಿದ್ರೆ ಹೊಟ್ಟೆ ಹಿಡ್ಕೊಂಡು ನಕ್ಕರು. "ಕಂಪ್ಯೂಟರಿಗೂ ಉಪಚಾರ ಮಾಡಾಕೆ ಹೋಗಿದ್ಯೇನೇ?" ಅಂದ್ರು. ನಾನು ಅವತ್ತು ಅವರಿಗೆ ಅನ್ನ ಬಡಿಸ್ಲಿಲ್ಲ, ತಾವೇ ಬಡಿಸ್ಕೊಂಡು ಉಂಡ್ರು.

ಹಂಗೆ ನಾನು ಜಗಳೂರಿಗೆ ಬಂದೆ. ಚೌಡಮ್ಮ ಅಂತ ಒಬ್ಬ ಹೆಂಗಸಿನ ಮನೆ ಹಿಂದಿನ ರೂಮು ಸಿಕ್ತು. ಎರಡು ಎಮ್ಮೆ ಕಟ್ಕೊಂಡು ಹಾಲು ಮಾರೋ ಮುದುಕಿ. ಬಾಯಿ ಜೋರು, ಮನಸ್ಸು ಮೆತ್ತಗೆ. ಬಂದ ದಿನವೇ, "ಯಾಕವ್ವಾ ಹಿಂಗೆ ಮಾರಿ ಗಂಟು ಹಾಕ್ಕೊಂಡಿ? ನಮ್ಮೂರು ಅಷ್ಟು ಕೆಟ್ಟದಾಗೈತೇನು?" ಅಂದ್ಲು. ಊರು ಕೆಟ್ಟದಲ್ಲ. ಆದ್ರೆ ಎಂಥ ಗಾಳಿ ಮಾರಾಯ್ರೇ! ಬಿಳೀ ಬಟ್ಟೆ ಕತ್ತರಿಸಾಕೆ ಹಾಸಿದ್ರೆ ಮುಗಿಸೋ ಹೊತ್ತಿಗೆ ಕೆಂಪು ಧೂಳಿನ ಅಂಚು ಬಿದ್ದಿರೋದು. ನ್ಯಾಮತಿಗೆ ಮಳೆ ಅಂತ ಮನೆಯವರು ಫೋನಿನಾಗೆ ಹೇಳೋರು, ಹೊನ್ನಾಳಿನಾಗೆ ಹೊಳೆ ತುಂಬಿ ಹರೀತೈತೆ ಅಂತ ಸುದ್ದಿ ಬರೋದು. ನಮ್ಮ ತಲೆ ಮೇಲೆ ಮಾತ್ರ ಮೋಡ ಬಂದು, ಸುಮ್ಮನೆ ನೋಡ್ಕೊಂಡು, ಮುಂದಕ್ಕೆ ಹೋಗೋದು. ರೈತರು ಮೆಕ್ಕೆಜೋಳದ ಹೊಲದಾಗೆ ನಿಂತು ಆಕಾಶ ನೋಡೋರು. ಮಳೆನೂ ರೇಣುಕನ ಪಾಲಿಗೇ ಹೋತಲ್ಲ ಅಂತ ನಾನು ಹೊಟ್ಟೆ ಉರ್ಕೊಳ್ತಿದ್ದೆ.

ಹೊಟ್ಟೆಯುರಿಗೆ ಕಟ್ಟಿಗೆ ಹಾಕಿದ್ದು ಮತ್ತದೇ ಬಾಕ್ಸು. ದಿನಾ ಬೆಳಿಗ್ಗೆ ಕ್ಲಾಸು ಶುರುವಾಗೋಕ್ ಮುಂಚೆ ಫೋನಿನಾಗೆ ಆ ವೆಬ್‌ಸೈಟು ತೆಗೆದು ಹಾಜರಿ ಹಾಕಬೇಕಿತ್ತು. ಹಾಜರಿ ಪುಟ ಬರೋಕ್ ಮುಂಚೆ ಒಂದು ಬಾಕ್ಸು ಬರೋದು: "ನಮ್ಮ ಕೇಂದ್ರಗಳ ಚಟುವಟಿಕೆ." ಅದರಾಗೆ ಯಾರ ಫೋಟೋ ಅಂತೀರಿ? ನ್ಯಾಮತಿ ಕೇಂದ್ರದ್ದೇ. ರೇಣುಕಗೆ ಫೋಟೋ ತೆಗೆಸ್ಕೊಳ್ಳೋ ಚಟ, ವಾರಕ್ಕೊಂದು ಕಳಿಸ್ತಿದ್ಲು. ಉಳಿದ ಟೀಚರುಗಳು ಕಳಿಸ್ತಿರಲಿಲ್ಲ. ನಮ್ಮ ರೂಮಿನಾಗೆ ನೆಟ್‌ವರ್ಕು ಬೇರೆ ನಿಧಾನ. ಫೋಟೋ ಒಂದೇ ಸಲಕ್ಕೆ ಬರ್ತಿರಲಿಲ್ಲ, ಮೇಲಿಂದ ಕೆಳಗೆ ಇಳಿಯೋದು. ಮೊದಲು ಬೈತಲೆ, ಆಮೇಲೆ ಹಣೆ, ಆಮೇಲೆ ಕಣ್ಣು. ಹಲ್ಲು ಬರೋ ಹೊತ್ತಿಗೆ ನನ್ನ ರಕ್ತ ಕುದಿಯೋದು. ಅವಳ ಹಿಂದೆ ಗೋಡೆ ಮೇಲೆ ನಾನು ಕೈಯಾರೆ ಬರೆದ ಅಳತೆ ಚಿತ್ರ. ನಾನು ಹೊಲಿದ ಪರದೆ. ನಾನು ಸಾಣೆ ಹಿಡಿಸಿದ ಕತ್ತರಿ. ನನ್ನ ಹೆಣ್ಮಕ್ಕಳು ಅವಳ ಹೆಗಲ ಮೇಲೆ ಕೈ ಹಾಕ್ಕೊಂಡು ನಗ್ತಿದ್ರು.

ಆ ಬಾಕ್ಸಿನ ಕೆಳಗೆ "ಈ ಚಿತ್ರ ಇಷ್ಟವಾಯಿತೇ?" ಅಂತ ಇತ್ತು. ಅದಕ್ಕೆ ಗುಂಡಿ ಎರಡು. ಒಂದು "ಇಷ್ಟವಾಯಿತು", ಇನ್ನೊಂದು "ಆಮೇಲೆ ಹೇಳುತ್ತೇನೆ". ಇಷ್ಟ ಆಗ್ಲಿಲ್ಲ ಅನ್ನಾಕೆ ಗುಂಡಿಯೇ ಇಲ್ಲ! ಆಮೇಲೆ ಅಂತ ಒತ್ತಿದ್ರೆ ಮಧ್ಯಾಹ್ನ, ಸಂಜೆ ವೆಬ್‌ಸೈಟು ತೆಗೆದಾಗೆಲ್ಲ ಮತ್ತೆ ಬರೋಳು ಮಹಾತಾಯಿ. ಇಷ್ಟವಾಯಿತು ಅಂತ ಒತ್ತಿದ್ರೆ, "ಹಾಲಮ್ಮ ಅವರು ನಿಮ್ಮ ಚಿತ್ರ ಮೆಚ್ಚಿದ್ದಾರೆ" ಅಂತ ಅವಳಿಗೆ ಹೋಗ್ತಿತ್ತು. ಹಾಜರಿ ಬೇಕು ಅಂದ್ರೆ ಮೆಚ್ಚಬೇಕು. ಹಲ್ಲು ಕಚ್ಕೊಂಡು ಮೆಚ್ಚಿದ್ದೀನಿ. ಮೂಲೆನಾಗೆ ಮುಚ್ಚೋ ಗುರುತು ಒಂದಿತ್ತು, ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ನನ್ನ ಬೆರಳಿಗೆ ಅದು ಸಿಗ್ತಿರಲಿಲ್ಲ. ಒಂದಿನ ಹಠ ಹಿಡಿದು ಸೂಜಿಯ ಹಿಂದಿನ ತುದಿಯಿಂದ ಒತ್ತಿದೆ, ಫೋನಿನ ಗಾಜಿಗೆ ಗೀರು ಬಿತ್ತು. ಅದೂ ಅವಳ ಮೂಗಿನ ಮೇಲೇ ಬಿತ್ತು, ಅಷ್ಟಾದ್ರೂ ಸಮಾಧಾನ.

ಹಾಲು ಕೊಡಾಕೆ ಬಂದಾಗ ಚೌಡಮ್ಮ ದಿನಾ ಆ ಮುಖ ನೋಡೋಳು. "ಯಾರವ್ವಾ ಈಕೆ, ನಿನ್ನ ತಂಗಿನಾ? ಬೆಳಬೆಳಿಗ್ಗೆ ಬಂದುಬಿಡ್ತಾಳಲ್ಲ!" ಅಂತ ಕೇಳಿದ್ಲು.

"ತಂಗಿಯಲ್ಲ, ಶನಿ," ಅಂದೆ.

"ಶನಿ ವಾರಕ್ಕೊಂದಿನ ಬರ್ತಾನೆ ತಾಯಿ, ಇವಳು ದಿನಾ ಬರ್ತಾಳೆ," ಅಂತ ನಕ್ಕಳು. ಆಮೇಲೆ ಕಥೆ ಎಲ್ಲ ಕೇಳಿಸ್ಕೊಂಡು, "ಹೊಟ್ಟೆಯುರಿಗೆ ಮಜ್ಜಿಗೆ ಒಳ್ಳೇದು" ಅಂತ ಒಂದು ಚೊಂಬು ತಂದಿಟ್ಲು. ಕುಡಿದೆ. ಮಜ್ಜಿಗೆ ಚೆನ್ನಾಗಿತ್ತು, ಉರಿ ಹಂಗೇ ಇತ್ತು.

ಶನಿವಾರ ಸಂಜೆ ಊರಿಗೆ ಹೋದ್ರೆ ನಮ್ಮ ಮನೆಯವರ ಬಾಯಿಂದ ಅದೇ. "ರೇಣುಕ ಟೀಚರು ಫಾಲ್ಸ್ ಹಾಕೋದನ್ನ ಭಾಳ ಸಲೀಸಾಗಿ ಹೇಳಿಕೊಡ್ತಾಳಂತೆ ಕಣೇ. ಬೈಯ್ಯೋದೇ ಇಲ್ವಂತೆ." ಅಂದ್ರೆ ನಾನು ಬೈತಿದ್ದೆ ಅಂತ ಅರ್ಥ. ಬೈದೇ ಕಲಿಸಿದ್ದು, ಬೈದಿದ್ದಕ್ಕೇ ಕಲಿತಿದ್ದು! ಕಲ್ಲು ಮುಳ್ಳು ನಾನು ಆರಿಸಿ ಹೊಲ ಹಸನು ಮಾಡಿಟ್ಟ ಮೇಲೆ ಬಿತ್ತೋದಕ್ಕೆ ಯಾಕೆ ಬೈಬೇಕು? ಕೇಂದ್ರದ ಬೀದಿ ಕಡೆ ತಲೆ ಹಾಕ್ತಿರಲಿಲ್ಲ. ತರಕಾರಿಗೆ ಹೋಗಬೇಕಾದ್ರೂ ಸುತ್ತಿ ಬಳಸಿ ಹೋಗ್ತಿದ್ದೆ. ಒಂದ್ಸಲ ನನ್ನ ಹಳೇ ವಿದ್ಯಾರ್ಥಿನಿ ಪುಷ್ಪ ಬೀದಿನಾಗೆ ಎದುರಾಗಿ, "ಟೀಚರ್, ನಮ್ಮ ಅಂಗಡಿಗೆ ಜಾಗ ಸಿಕ್ತು! ರೇಣುಕ ಟೀಚರೇ ಓಡಾಡಿ ಮಾಡಿಸಿದ್ರು" ಅಂತ ಕಣ್ಣರಳಿಸಿ ಹೇಳಿದ್ಲು. ಒಳ್ಳೇದಾತು ಅಂದೆ. ಬಾಯಿ ಹಂಗಂತು. ಮನೆಗೆ ಬಂದು ಬದನೆಕಾಯಿ ಹೆಚ್ಚುತ್ತಾ ಬೆರಳು ಕುಯ್ಕೊಂಡೆ.

ಜಗಳೂರಿನ ಹೆಣ್ಮಕ್ಕಳ ಮೇಲೆ ಆ ಸಿಟ್ಟು ತೀರಿಸ್ಕೊಂಡೆ ಅಂತ ಅಂದ್ಕೋಬ್ಯಾಡ್ರಿ. ಅವರಿಗೂ ಚೆನ್ನಾಗೇ ಕಲಿಸಿದೆ. ಕಲಿಸೋದೂ ಒಂಥರಾ ಹಠದಿಂದ, ನ್ಯಾಮತಿ ಮೀರಿಸಬೇಕು ಅಂತ. ಅವರಿಗೋ ನನ್ನ ಫೋನಿಂದು ದಿನದ ತಮಾಷೆ. ನಾನು ಹಾಜರಿ ತೆಗೆದ್ರೆ ಸಾಕು, "ಟೀಚರ್, ರೇಣುಕಕ್ಕ ಬಂದ್ರಾ? ಇವತ್ತು ಯಾವ ಸೀರೆ?" ಅಂತ ಕೇಳೋರು. "ಅವರ ಬ್ಲೌಸಿನ ತೋಳು ಚೆನ್ನಾಗೈತೆ ಟೀಚರ್, ನಮಗೂ ಹೇಳಿಕೊಡ್ರಿ" ಅಂತ ಒಬ್ಬಳು ಅಂದ್ಲು. ಆ ತೋಳಿನ ಕಟಿಂಗು ನಂದೇ! ನಾನೇ ಅವಳಿಗೆ ಕಲಿಸಿದ್ದು! ಹೇಳಿಕೊಟ್ಟೆ, ಇನ್ನೇನು ಮಾಡ್ಲಿ.

ದೀಪಾವಳಿ ಕಳೀತು. ಈರುಳ್ಳಿ ಕಿತ್ತು ರಾಶಿ ಹಾಕಿದ್ದ ಕಾಲ, ಊರೆಲ್ಲ ಅದೇ ಘಾಟು. ಆ ದಿನಗಳಾಗೆ ಹಾಜರಿ ತೆಗೆದ್ರೆ ಒಂದು ಹೊಸ ನಮೂನೆ ಬಾಕ್ಸು ಬರಾಕೆ ಶುರುವಾತು. ಬಣ್ಣ ಬಣ್ಣದ ಹೂವಿನ ಅಂಚು, ಒಳಗೆ ರೇಣುಕನ ಮುಖ. ನಾನು ಓದಾಕೆ ಹೋಗ್ಲಿಲ್ಲ. ಅಷ್ಟೊತ್ತಿಗೆ ನನ್ನ ಬೆರಳು ಪಳಗಿತ್ತು. ಕಣ್ಣು ಅವಳ ಬೈತಲೆ ಕಂಡ ತಕ್ಷಣ ಕಿರುಬೆರಳು ಮೂಲೆಗೆ ಹೋಗಿ ಮುಚ್ಚಿಬಿಡ್ತಿತ್ತು. ದಿನಾ ಬಂತು, ದಿನಾ ಮುಚ್ಚಿದೆ. ಆಮೇಲೆ ಒಂದಿನ ತಾನೇ ನಿಂತು ಹೋತು.

ಅದಾಗಿ ಎರಡು ದಿನಕ್ಕೆ, ಕ್ಲಾಸು ಬಿಟ್ಟು ರೂಮಿಗೆ ಬಂದ್ರೆ ಚೌಡಮ್ಮನ ಜಗಲಿ ಮೇಲೆ ರೇಣುಕ ಕೂತವಳೆ! ಖುದ್ದು ರೇಣುಕ. ಕಾಲ ಮೇಲೆಲ್ಲ ಧೂಳು, ಕೈನಾಗೆ ಕುಂಕುಮದ ಭರಣಿ. ಚೌಡಮ್ಮ ಅವಳ ಎದುರಿಗೆ ಕೂತು ಗಲ್ಲಕ್ಕೆ ಕೈ ಇಟ್ಕೊಂಡು ನೋಡ್ತಿದ್ಲು. "ನೋಡವ್ವಾ ಹಾಲಮ್ಮ, ನಿನ್ನ ಫೋನಿನಾಗಿಂದ ಇಳಿದು ಬಂದವಳೆ," ಅಂದ್ಲು.

ರೇಣುಕ ಎದ್ದು ನಿಂತು, "ಅಂಗಡಿ ಪೂಜೆ ಶುಕ್ರವಾರ ಐತಕ್ಕ. ವೆಬ್‌ಸೈಟಿನಾಗೆ ಆಮಂತ್ರಣ ಹಾಕಿದ್ವಿ. ಬರ್ತೀರಾ ಅಂತ ಕೇಳಿದ್ದಕ್ಕೆ ನೀ ಹೌದೂ ಅನ್ಲಿಲ್ಲ, ಇಲ್ಲಾನೂ ಅನ್ಲಿಲ್ಲ. ದಿನಾ ಮುಚ್ಚಿದೀಯ ಅಂತ ಅಲ್ಲಿ ತೋರಿಸ್ತಿತ್ತು. ಹುಡುಗೀರು ಅತ್ತುಬಿಟ್ರು. ಅದಕ್ಕೇ ಬಂದೆ" ಅಂದ್ಲು.

"ಬಾಕ್ಸಿನಾಗೆ ಕರೆದ್ರೆ ಯಾರೇ ಬರ್ತಾರೆ?" ಅಂದೆ. ಸೋಲಾಕೆ ಮನಸ್ಸಿರಲಿಲ್ಲ.

"ಅದಕ್ಕೇ ಕುಂಕುಮ ಹಿಡ್ಕೊಂಡು ಬಂದಿದೀನಿ."

ಕುಂಕುಮ ಹಿಡ್ಕೊಂಡು ಬಂದೋರನ್ನ ನಿಲ್ಸಿ ಮಾತಾಡಾಕೆ ಆಗ್ತೈತಾ? ಒಳಗೆ ಕರೆದು ರೊಟ್ಟಿ, ಶೇಂಗಾ ಚಟ್ನಿ ಹಾಕಿದೆ. ಅವಳು ತಲೆ ತಗ್ಗಿಸಿ ಉಣ್ತಿದ್ಲು. ನೋಡ್ತಾ ನೋಡ್ತಾ ನಂಗೆ ತಡ್ಕೊಳ್ಳಾಕೆ ಆಗ್ಲಿಲ್ಲ. "ಒಂದು ಮಾತು ಕೇಳ್ತೀನಿ ರೇಣುಕ," ಅಂದೆ. "ಅವತ್ತು ನಾನು ನ್ಯಾಮತಿ ತಗಳೇ ಅಂದೆ. ಅಷ್ಟಕ್ಕೇ ತಗೊಂಡುಬಿಡಾದಾ? ಬಾಯಿಮಾತಿಗಾದ್ರೂ ಒಂದ್ಸಲ ಬೇಡ ಅನ್ನಬಾರದಿತ್ತಾ? ನಾನು ಉಪಚಾರಕ್ಕೆ ಅಂದಿದ್ದು ನಿಂಗೆ ಗೊತ್ತಾಗ್ಲಿಲ್ವಾ?"

ರೇಣುಕನ ಕೈ ತಟ್ಟೆನಾಗೇ ನಿಂತಿತು. ಅವಳಿಗೆ ನಿಜವಾಗ್ಲೂ ಗೊತ್ತಿರಲಿಲ್ಲ ಅಂತ ಮುಖ ನೋಡಿದ್ರೇ ತಿಳೀತಿತ್ತು.

"ಉಪಚಾರಕ್ಕಾ?" ಅಂದ್ಲು. "ನಿಮ್ಮ ಕಡೆ ಸಾಕು ಅಂದ್ರೆ ಮತ್ತೆ ಬಡಿಸ್ತಾರಕ್ಕ. ನಮ್ಮವ್ವ ನಮ್ಮಪ್ಪ ಕಂಡೋರ ತೋಟದಾಗೆ ಕೂಲಿ ಮಾಡ್ತಿದ್ರು. ಆ ಮನೆಗಳ ಮದುವೆಗೆ ಹೋದ್ರೆ ನಮ್ಮನ್ನ ಕೊನೇ ಪಂಕ್ತಿಗೆ, ಹೊರಗೆ ಕೂರಿಸೋರು. ನಾನು ಚಿಕ್ಕೋಳಿದ್ದಾಗ ಒಂದ್ಸಲ, ದೊಡ್ಡೋರು ಮಾಡಿದ್ದು ನೋಡಿ, ಹೋಳಿಗೆ ಬಂದಾಗ ಕೈ ಅಡ್ಡ ಹಿಡಿದು ಸಾಕು ಅಂದೆ. ಬಡಿಸೋನು ಸರಿ ಅಂತ ಮುಂದೆ ಹೋದ. ನಂಗೆ ಹೋಳಿಗೆ ಸಿಗ್ಲೇ ಇಲ್ಲ. ನಮ್ಮವ್ವ ತಲೆ ಮೇಲೆ ಮೊಟಕಿ, ಕೊಟ್ಟಾಗ ತಗೋಬೇಕು, ನಮ್ಮನ್ನ ಯಾರೂ ಎರಡನೇ ಸಲ ಕೇಳಲ್ಲ ಅಂದ್ಲು. ಅವತ್ತಿಂದ ಯಾರು ಏನು ಕೊಟ್ರೂ ಒಂದೇ ಮಾತಿಗೆ ತಗೊಳ್ತೀನಿ. ನೀ ಕೊಟ್ಟೆ. ಎಷ್ಟು ದೊಡ್ಡ ಮನಸ್ಸು ಅಂದ್ಕೊಂಡೆ."

ಚೌಡಮ್ಮ ಬಾಗಿಲಾಗೆ ನಿಂತು ಎಲ್ಲ ಕೇಳಿಸ್ಕೊಳ್ತಿದ್ಲು.

ರೇಣುಕ ಕೈ ತೊಳ್ಕೊಂಡು ಬಂದು ನನ್ನೆದುರು ಕೂತ್ಲು. "ಇಬ್ಬರೂ ಒಪ್ಪಿದ್ರೆ ಕೇಂದ್ರ ಬದಲಾಯಿಸ್ಕೊಬಹುದಂತೆ, ಆಫೀಸಿನೋರು ಹೇಳವ್ರೆ. ಈಗ ಕೇಳ್ತೀನಿ. ನ್ಯಾಮತಿ ನಿಂಗೆ ಬೇಕಾ ಹಾಲಕ್ಕ?"

ಬೇಕು! ಬೇಕೇ ಬೇಕು! ಹೊಟ್ಟೆಯೆಲ್ಲ ಅದನ್ನೇ ಕೂಗ್ತಿತ್ತು. ಆರು ತಿಂಗಳಿಂದ ನಿದ್ದೆಗೆಟ್ಟು ಉರಿದಿದ್ದು ಅದಕ್ಕೇ. ಈಗಷ್ಟೇ ಅವಳ ಬಾಯಿಂದ ಕೇಳಿದ್ದೀನಿ, ಅವಳು ಎರಡನೇ ಸಲ ಕೇಳೋಳಲ್ಲ ಅಂತ. ಆದ್ರೂ ಈ ಹಾಳು ನಾಲಿಗೆ ಏನಂತು ಗೊತ್ತಾ? "ಅಯ್ಯೋ, ಬಿಡೇ, ನಂಗ್ಯಾಕೆ? ನೀನೇ ಇರು."

"ಸರಿ ಹಂಗಾದ್ರೆ," ಅಂದ್ಲು ರೇಣುಕ, ಎದ್ದು ಸೆರಗು ಸರಿ ಮಾಡ್ಕೊಂಡ್ಲು.

ಚೌಡಮ್ಮ ಹಣೆ ಹಣೆ ಬಡ್ಕೊಂಡ್ಲು. "ನಿನ್ನ ಬಾಯಿಗೆ ನನ್ನ ಎಮ್ಮೆ ಸಗಣಿ ಹಾಕ!" ಅಂತ ನನ್ನ ಕಿವಿನಾಗೆ ಬೈದ್ಲು.

ಬಸ್‌ಸ್ಟ್ಯಾಂಡಿನ ತನಕ ಕಳಿಸಾಕೆ ಹೋದೆ. ದಾರಿ ಉದ್ದಕ್ಕೂ ರೇಣುಕ ಅಂಗಡಿ ಸುದ್ದಿ ಹೇಳ್ತಿದ್ಲು, ನಂಗೆ ಒಂದೂ ಕಿವಿಗೆ ಬೀಳ್ಲಿಲ್ಲ. ದಾವಣಗೆರೆ ಬಸ್ಸು ನಿಂತಿತ್ತು. ಹತ್ತಿ ಕಿಟಕಿ ಪಕ್ಕ ಕೂತ್ಲು. ಕಂಡಕ್ಟರು ಸೀಟಿ ಊದಿದ. ಬಸ್ಸು ಅಲುಗಾಡ್ತು. ಆಗ ಅದೇನು ಬಂತೋ ಮೈಮೇಲೆ, ನಾನು ಸೆರಗು ಸೊಂಟಕ್ಕೆ ಸಿಗಿಸ್ಕೊಂಡು ಕಿಟಕಿ ಹಿಡ್ಕೊಂಡು ಓಡಿದೆ.

"ಬೇಕು ಕಣೇ!" ಅಂತ ಕೂಗಿದೆ. ಈರುಳ್ಳಿ ಚೀಲ ಹೊತ್ತೋರು, ಮಂಡಕ್ಕಿ ಮಾರೋನು, ಎಲ್ಲ ತಿರುಗಿ ನೋಡಿದ್ರು. "ನಂಗೆ ನ್ಯಾಮತಿ ಬೇಕು! ಉಪಚಾರ ಅಲ್ಲ, ನಿಜವಾಗ್ಲೂ ಬೇಕು! ನಿನ್ನ ನೋಡಿ ದಿನಾ ಹೊಟ್ಟೆ ಉರೀತೈತೆ ನಂಗೆ!"

ರೇಣುಕ ಕಿಟಕಿಯಿಂದ ತಲೆ ಹೊರಗೆ ಹಾಕಿದ್ಲು. ಅವಳ ಕಣ್ಣಾಗೆ ನೀರಿತ್ತು, ಧೂಳಿಗೋ ಏನೋ. "ನಂಗೂ ಬೇಕು ಹಾಲಕ್ಕ," ಅಂದ್ಲು. "ನಂಗೂ ಅಷ್ಟೇ ಬೇಕು. ನಾನು ಬಿಡಲ್ಲ. ಶುಕ್ರವಾರ ಬಾ."

ಬಸ್ಸು ಹೋತು. ಅವಳು ಕೊಡ್ಲಿಲ್ಲ. ನಾನು ಆ ವರ್ಷ ಪೂರ್ತಿ ಜಗಳೂರಿನಾಗೇ ಇದ್ದೆ, ಮುಂದಿನ ವರ್ಷ ಚನ್ನಗಿರಿ ಸಿಕ್ತು. ನ್ಯಾಮತಿ ಈಗಲೂ ಅವಳ ಹತ್ರಾನೇ ಐತೆ.

ಶುಕ್ರವಾರ ಪೂಜೆಗೆ ಹೋದೆ. ಹೊಟ್ಟೆ ಉರ್ಕೊಂಡೇ ಹೋದೆ. ಪುಟ್ಟ ಅಂಗಡಿ, ಚೆಂಡುಹೂವಿನ ತೋರಣ, ಒಳಗೆ ಸಾಲಾಗಿ ಮಿಷನ್ನುಗಳು. ಹುಡುಗೀರು ನನ್ನ ಕಂಡಿದ್ದೇ ತಡ ಓಡಿಬಂದು ತಬ್ಕೊಂಡ್ರು, ಪುಷ್ಪ ಅಂತೂ ನನ್ನ ಸೀರೆ ತುಂಬ ಅತ್ಲು. ಬಾಗಿಲಿಗೆ ಅಡ್ಡ ಕೆಂಪು ಟೇಪು ಕಟ್ಟಿದ್ರು. ತಟ್ಟೆನಾಗೆ ಕತ್ತರಿ ಇಟ್ಟು ನಮ್ಮಿಬ್ಬರ ಮುಂದೆ ಹಿಡಿದು, ಯಾರು ಕತ್ತರಿಸ್ತೀರಿ ಟೀಚರ್ ಅಂತ ಕೇಳಿದ್ರು. ಊರಿನ ದೊಡ್ಡೋರೆಲ್ಲ ನಿಂತಿದ್ರು. ರೇಣುಕ ಹೊಸ ರೇಷ್ಮೆ ಸೀರೆ ಉಟ್ಟಿದ್ಲು, ಕೈ ಆಗಲೇ ಅರ್ಧ ಮುಂದಕ್ಕೆ ಬಂದಿತ್ತು. ಅದನ್ನ ಹಿಂದಕ್ಕೆ ತಗೊಂಡು, ನನ್ನ ಕಡೆ ತಿರುಗಿ ನಕ್ಕು, "ನೀನೇ ಕತ್ತರಿಸು ಹಾಲಕ್ಕ, ನಂಗ್ಯಾಕೆ?" ಅಂದ್ಲು.

ನಾನು ಒಂದೇ ಮಾತಿಗೆ ಕತ್ತರಿ ತಗೊಂಡು ಟೇಪು ಕತ್ತರಿಸಿಬಿಟ್ಟೆ. ಎಲ್ಲರೂ ಚಪ್ಪಾಳೆ ಹೊಡೆದ್ರು. ರೇಣುಕನೂ ಹೊಡೆದ್ಲು. ಆಮೇಲೆ ನನ್ನ ಕಿವಿ ಹತ್ರ ಬಾಗಿ, "ನಾನು ಉಪಚಾರಕ್ಕೆ ಅಂದಿದ್ದು ಕಣಕ್ಕ," ಅಂದ್ಲು.